ಕುಳ್ಳಿನ ಮೇಲಿನ ಕೈಗುರುತು

ಏಪ್ರಿಲ್ ಒಂಬತ್ತರ ಮಧ್ಯಾಹ್ನ ಠಾಣೆಗೆ ದೂರು ಬಂದಾಗ ಕಾನ್‌ಸ್ಟೇಬಲ್ ಭಾಗ್ಯಜ್ಯೋತಿ ಪೆನ್ನು ಕೆಳಗಿಟ್ಟು ಎದ್ದುನಿಂತಳು. ಜಾಲಹಳ್ಳಿ ಹತ್ತಿರ, ದನ ಮೇಯಲು ಬಿಟ್ಟ ಸರ್ಕಾರಿ ಗಾಯರಾಣಕ್ಕೆ ಯಾರೋ ಬೆಂಕಿ ಹಚ್ಚಿದ್ದರು. ಗೌಜಲಹಕ್ಕಿಗಳ ಗೂಡು ಉಳಿಸಲು ನುಗ್ಗಿದ ಕಾವಲುಗಾರ ಅಂಬರೇಶ ಮೈ ಸುಟ್ಟುಕೊಂಡು ರಾಯಚೂರು ಆಸ್ಪತ್ರೆ ಸೇರಿದ್ದ. ಅದೇ ಗಾಯರಾಣದ ಅಂಚಿನಲ್ಲಿ, ಪಟ್ಟಾ ಇಲ್ಲದ ಜಾಗದಲ್ಲಿ, ಅವಳೂ ಅವ್ವ ಯಮನಮ್ಮನೂ ಇರುವ ಮನೆ. ಫೋನ್ ಮಾಡಿದರೆ ಅವ್ವ, "ನನಗೇನೂ ಆಗಿಲ್ಲ" ಎಂದಷ್ಟೇ ಹೇಳಿ ಇಟ್ಟುಬಿಟ್ಟಳು.

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ವಾದಿರಾಜ ಪಂಚರನ್ನೂ ಭಾಗ್ಯಜ್ಯೋತಿಯನ್ನೂ ಕರೆದುಕೊಂಡು ಸ್ಥಳಕ್ಕೆ ಬಂದರು. ಬೆಲ್ಟು ಸರಿಮಾಡಿಕೊಳ್ಳದೆ ಅವರ ಬಾಯಿಂದ ಮಾತೇ ಹೊರಡದು. ದನ ತುಳಿಯದಿರಲೆಂದು ಅಂಬರೇಶ ಗೂಡುಗಳ ಪಕ್ಕ ನೆಟ್ಟಿದ್ದ ಕೆಂಪು ಬಾವುಟಗಳೆಲ್ಲ ಬೂದಿಯಾಗಿದ್ದವು. ಒಂದು ಗೂಡಿನ ಬಳಿ ಅರ್ಧ ಸುಟ್ಟ ಸಗಣಿ ಕುಳ್ಳು ಬಿದ್ದಿತ್ತು.

"ಏನದು?" ವಾದಿರಾಜ ಕೇಳಿದರು.

"ಕುಳ್ಳ ಅದ ಸರ್," ಎಂದಳು ಭಾಗ್ಯಜ್ಯೋತಿ.

"ಬೆಂಕಿ ಇದರಾಗ ತಂದಾರ. ಯಾರ ಮನೀದು?"

ಅವಳು ಬಗ್ಗಿ ನೋಡಿದಳು. ತಟ್ಟಿದ ಕೈಯ ಗುರುತು ಕುಳ್ಳಿನ ಮೇಲೆ ಹಾಗೇ ಒಣಗಿತ್ತು, ತೋರುಬೆರಳು ಮಾತ್ರ ಇರಲಿಲ್ಲ. ಅವ್ವನ ಆ ಬೆರಳು ಮೇವು ಕತ್ತರಿಸುವ ಮಷಿನ್ನಿಗೆ ಹೋಗಿತ್ತು. ಒಮ್ಮೆ ತುಳಿದರೆ ಪುಡಿಯಾಗುವ ಸಾಕ್ಷಿ. ತುಳಿಯಲು ಬೂಟೆತ್ತಿಯೂ ಬಿಟ್ಟಳು. ಆಗ ಪಕ್ಕದ ಗೂಡು ಕಣ್ಣಿಗೆ ಬಿತ್ತು. ಹಕ್ಕಿ ಮೊಟ್ಟೆಗಳ ಮೇಲೆ ಕೂತಲ್ಲೇ ಕರಕಲಾಗಿತ್ತು.

ಅವಳು ಕಾಲು ಹಿಂದಕ್ಕಿಟ್ಟಳು. "ನಮ್ಮವ್ವನ ಕೈ ಅದರೀ ಸರ್."

ವಾದಿರಾಜ ಈ ಸಲ ಬೆಲ್ಟು ಮುಟ್ಟಲಿಲ್ಲ. "ನೀ ಈ ಕೇಸಿನ್ಯಾಗ ಬ್ಯಾಡ. ಮಂಜುಳಾ ಬರ್ತಾಳ."

ಮಹಿಳಾ ಕಾನ್‌ಸ್ಟೇಬಲ್ ಮಂಜುಳಾಳೊಡನೆ ಅವರು ಮನೆಗೆ ಹೋದಾಗ ಯಮನಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಭಾಗ್ಯಜ್ಯೋತಿ ಅಂಗಳದಾಚೆ ನಿಂತಳು.

"ಬೆಂಕಿ ಯಾಕ ಹಚ್ಚಿದಿ, ಯವ್ವಾ?" ವಾದಿರಾಜ ಕೇಳಿದರು.

"ಸರ್ವೇದವರು ಬಾವುಟ ನೆಟ್ಟಾರ, ಮನಿ ಕೆಡವತಾರಂತ ಹೆದರಿದ್ನಿರೀ. ಮಗಳ ದುಡಿಮಿ ಎಲ್ಲಾ ಈ ಗ್ವಾಡ್ಯಾಗ ಅದ. ಕಿತ್ತರ ಮತ್ತ ನೆಡತಾರ. ಗುರುತೇ ಇರಬಾರದಂತ ಸುಟ್ಟೆ. ಗಾಳಿ ಕೇಳಲಿಲ್ರೀ."

"ಅವು ಸರ್ವೇ ಬಾವುಟ ಅಲ್ಲ. ಹಕ್ಕಿ ಗೂಡಿನವು."

ಯಮನಮ್ಮ ಬೆಪ್ಪಾಗಿ ಮಗಳತ್ತ ತಿರುಗಿದಳು. "ಹಕ್ಕಿ ಹಾರಿ ಹೋಗ್ಲಿಲ್ಲೇನ?"

ಭಾಗ್ಯಜ್ಯೋತಿ ಸುಳ್ಳು ಹೇಳಬಹುದಿತ್ತು. "ತತ್ತಿ ಬಿಟ್ಟು ಏಳಲೇ ಇಲ್ಲ, ಯವ್ವಾ."

ಯಮನಮ್ಮ ಬೆರಳಿಲ್ಲದ ಕೈಯಿಂದ ಸೆರಗು ಬಾಯಿಗೊತ್ತಿಕೊಂಡು ತಾನಾಗಿಯೇ ಜೀಪು ಹತ್ತಿದಳು.

ಅಂಬರೇಶನ ಜೀವಕ್ಕೆ ಅಪಾಯವಿಲ್ಲವೆಂದು ಸಂಜೆ ಫೋನ್ ಬಂತು. ವರದಿಯಲ್ಲಿ ಕೃತ್ಯಕ್ಕೆ ಕಾರಣ ಎಂಬಲ್ಲಿ ವಾದಿರಾಜ 'ಮನೆ ಹೋಗುವ ಭಯ' ಎಂದು ಬರೆದರು. ಭಾಗ್ಯಜ್ಯೋತಿ ಮನೆಗೆ ಬಂದರೆ, ಗೋಡೆಯ ತುಂಬ ಅವ್ವ ತಟ್ಟಿದ ಕುಳ್ಳುಗಳಿದ್ದವು. ಅವಳು ಒಳಗೆ ಹೋಗಲಾರದೆ ಅಂಗಳದಲ್ಲೇ ಕೂತಳು.