ನೋವುಗನ್ನಡಿ

ನೀಲವ್ವನ ಹಣೆಗೆ ಅಂಟಿಸಿದ್ದ ನೋವುಗನ್ನಡಿಯ ತೆಳುಪಟ್ಟಿ ಕೆಂಪಗೆ ಬೆಳಗಿತು. ಕೊನೆಗಾಲದ ರೋಗಿಗಳ ಸಾಂತ್ವನಧಾಮದ ಗೋಡೆಯ ಪರದೆಯಲ್ಲಿ ವೇದನಾಂಕ ಸರ್ರನೆ ಮೇಲೇರಿತು.

"ಯವ್ವಾ, ಬ್ಯಾನಿ ಆಗಾಕತ್ತೇತೇನು?" ಎಂದ ಮಗ ಸಂಗಮೇಶ.

"ಏನಿಲ್ಲೋ ತಮ್ಮಾ, ಆರಾಮದೀನಿ. ನೀ ಉಂಡಿಯೋ ಇಲ್ಲೋ?"

ನೋವುಗನ್ನಡಿ ಬಂದದ್ದೇ ಇಂಥ ಹಟಮಾರಿಗಳಿಗಾಗಿ. ಮಿದುಳಿನ ನೋವಿನ ಸಂಜ್ಞೆಗಳನ್ನು ಓದಿ ಅಂಕಿಯಾಗಿಸುವ ಈ ಸಾಧನದ ಮುಂದೆ ಯಾವ ತಾಯಿಯ ಸುಳ್ಳೂ ನಡೆಯುತ್ತಿರಲಿಲ್ಲ. ಆದರೆ ನೋವು ತಗ್ಗಿಸುವ ಮದ್ದು ಬೇಡವೆನ್ನುವ ಹಕ್ಕು ರೋಗಿಯದೇ. ನೀಲವ್ವ ಬೇಡವೆನ್ನುತ್ತಿದ್ದಳು.

ಸಂಗಮೇಶನದು ಹುಬ್ಬಳ್ಳಿಯಲ್ಲಿ ಔಷಧದ ಅಂಗಡಿ. ಹೊಟ್ಟೆನೋವೆಂದು ತಾಯಿ ಬಂದಾಗಲೆಲ್ಲ "ಗ್ಯಾಸ್ ಆಗಿರ್ತೈತಿ" ಎಂದು ಗುಳಿಗೆ ಕೊಟ್ಟು ಕಳಿಸಿದವನು ಅವನೇ. ಊರಿಗೆಲ್ಲ ದವಾಖಾನೆಗೆ ಹೋಗಿ ಎಂದು ಬುದ್ಧಿ ಹೇಳುವವನು ಹೆತ್ತವಳಿಗೆ ಮಾತ್ರ ಹೇಳಲಿಲ್ಲ. ಹೊಟ್ಟೆಯ ಕ್ಯಾನ್ಸರ್ ಗಡ್ಡೆ ಗೊತ್ತಾಗುವಷ್ಟರಲ್ಲಿ ಕಾಲ ಮೀರಿತ್ತು. ಆ ಪಾಪ ಅವನನ್ನು ಒಳಗೊಳಗೇ ತಿನ್ನುತ್ತಿತ್ತು. 'ನಿನ್ನ ತಪ್ಪಲ್ಲ' ಎಂದು ಅವಳ ಬಾಯಿಂದ ಕೇಳಬೇಕೆಂದು ದಿನವಿಡೀ ಪಕ್ಕದಲ್ಲಿ ಕೂತು ಮಾತಿಗೆಳೆಯುತ್ತಿದ್ದ. ಕ್ಷಮೆ ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಕೊನೆಗೆ ಸಾಧನ ರೂಪಿಸಿ ಅಲ್ಲೇ ಅದರ ಉಸ್ತುವಾರಿ ನೋಡುತ್ತಿದ್ದ ವಿಜ್ಞಾನಿ ವಾರಿಜಾ ಅವರ ಮೇಲೆಯೇ ರೇಗಿದ: "ನಿಮ್ಮ ಯಂತ್ರ ಕೆಟ್ಟೈತ್ರಿ ಮೇಡಂ. ನಾ ಇಲ್ಲದಾಗಿನ ಅಂಕಿನೂ ನೋಡೀನಿ, ನಾ ಕುಂತಾಗಷ್ಟ ಕೆಂಪಾಕ್ಕೈತಿ."

"ಕೆಟ್ಟಿಲ್ಲರಿ. ಮದ್ದು ತಗೊಂಡ್ರ ಅವರಿಗೆ ನಿದ್ದಿ ಬರ್ತೈತಿ. ನಿಮ್ಮ ಕೂಡ ಮಾತಾಡಾಕಂತ ನೋವು ತಡಕೊಂಡು ಎಚ್ಚರ ಇರ್ತಾರ. ನೀವು ಹೋದ ಕೂಡಲೇ ತಾವ ಕೇಳಿ ತಗೋತಾರ." ವಾರಿಜಾ ದನಿ ತಗ್ಗಿಸಿದರು. "ಇದು ಇಂಥಾದ್ನೂ ತೋರಿಸ್ತೈತಿ ಅಂತ ನಾವೂ ಅನ್ಕೊಂಡಿರಲಿಲ್ಲ."

ಅಯ್ಯೋ, ಮತ್ತೆ ತಾನೇ! ಅಂದು ಗುಳಿಗೆ ಕೊಟ್ಟು ಕೆಡಿಸಿದ, ಇಂದು ಮದ್ದು ತಪ್ಪಿಸಿ ನರಳಿಸುತ್ತಿದ್ದಾನೆ. ಸಂಗಮೇಶನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ಹಂಗಾರ ನಾ ಬರೂದ ಬಿಡ್ಲೇನ್ರಿ?"

"ಹೆಚ್ಚು ದಿನ ಉಳಿದಿಲ್ಲರಿ," ಎಂದಷ್ಟೇ ಅಂದರು ವಾರಿಜಾ.

ಅವನು ಕೋಣೆಗೆ ಮರಳಿದ. "ಯವ್ವಾ, ಯಾಕೋ ಕಣ್ಣು ಎಳ್ಯಾಕತ್ತಾವು. ಇಲ್ಲೇ ಒಂಚೂರು ಮಲಗ್ತೀನಿ," ಎಂದು ಕುರ್ಚಿಗೊರಗಿ ಕಣ್ಣು ಮುಚ್ಚಿದ. ಹುಸಿ ಗೊರಕೆಯನ್ನೂ ಹೊಡೆದ.

ಅವನು ನಿದ್ದೆಹೋದನೆಂದುಕೊಂಡು ನೀಲವ್ವ ದಾದಿಯನ್ನು ಕರೆದಳು.

"ತಡಕೊಳ್ಳಾಕ ಆಗವಲ್ದು ನನ್ನವ್ವಾ. ಸೂಜಿ ಹಾಕು. ಮೆಲ್ಲಕ, ಹುಡುಗ ಎದ್ದಾನು."

ನೋವು ತಡೆಯಲಾಗದೆಂದು ತಾಯಿ ಅಂದದ್ದನ್ನು ಸಂಗಮೇಶ ಅಲ್ಲಿಯವರೆಗೆ ಕೇಳಿರಲೇ ಇಲ್ಲ. ಮದ್ದು ಏರುತ್ತಿದ್ದಂತೆ ಅವಳ ಕೈ ತಡವರಿಸುತ್ತ ಬಂದು ಅವನ ಕೈ ಮೇಲೆ ಕೂತಿತು. ತಾನು ಎಚ್ಚರವಿದ್ದರೆ ಅವಳು ಮದ್ದು ಬಿಡುತ್ತಾಳೆ, 'ನಿನ್ನ ತಪ್ಪಲ್ಲ' ಎಂಬ ಮಾತನ್ನು ಇನ್ನು ಅವಳ ಬಾಯಿಂದ ಕೇಳುವಂತಿಲ್ಲವೆಂದು ಅವನಿಗೆ ಗೊತ್ತಾಯಿತು. ಕೆನ್ನೆ ಒದ್ದೆಯಾಯಿತು. ಒರೆಸಿಕೊಂಡರೆ ತಾನು ಎಚ್ಚರವಿರುವುದು ಅವಳಿಗೆ ತಿಳಿದೀತೆಂದು ಗೊರಕೆ ಹೊಡೆಯುತ್ತಲೇ ಇದ್ದ.