ಎಡಗಿವಿಯಿಲ್ಲದ ಏಳು ಹಂದಿಗಳು

ಹೊಂಡದ ನೀರಿನಲ್ಲಿ ಏಳು ಹಂದಿಗಳ ಹೆಣಗಳು ತೇಲುತ್ತಿದ್ದವು. ಹೊಟ್ಟೆ ಉಬ್ಬಿ, ಚರ್ಮ ನೇರಳೆಗೆ ತಿರುಗಿತ್ತು. ಒಂದಕ್ಕೂ ಎಡಗಿವಿ ಇರಲಿಲ್ಲ. ಬುಡದಲ್ಲೇ ಕತ್ತರಿಸಿದ್ದರು.

ಹಂದಿಜ್ವರದ ಕಾರಣ ಆ ಪ್ರದೇಶಕ್ಕೆ ನಿರ್ಬಂಧ ಬಿದ್ದು ಹನ್ನೆರಡು ದಿನವಾಗಿತ್ತು. ಹಂದಿ ತರುವಂತಿಲ್ಲ, ಸಾಗಿಸುವಂತಿಲ್ಲ. ಒಂದು ಸತ್ತರೂ ಅದೇ ದಿನ ತಿಳಿಸಬೇಕು. ರೋಗ ಖಚಿತವಾದರೆ ಆ ಕೊಟ್ಟಿಗೆಯ ಎಲ್ಲವನ್ನೂ ಕೊಂದು ಹೂಳಬೇಕು. ಸಾವು ಮುಚ್ಚಿಟ್ಟರೆ ಪರವಾನಗಿಯೇ ರದ್ದು.

ಹೊಂಡವಿದ್ದದ್ದು ಗಂಡ ತೀರಿಕೊಂಡ ಮೇಲೆ ಒಬ್ಬಳೇ ಹಂದಿ ಸಾಕುತ್ತಿದ್ದ ಹೆಂಗಸಿನ ಜಮೀನಿನಲ್ಲಿ. ದೂರು ಕೊಟ್ಟವನು ಬೇಲಿಯಾಚೆಯ ಭಾವ, ಅಂದರೆ ಗಂಡನ ಅಣ್ಣ.

ಪಶುವೈದ್ಯಾಧಿಕಾರಿಯ ಸಹಾಯಕನಾದ ನಾನು ಮೂಗಿಗೆ ಬಟ್ಟೆ ಕಟ್ಟಿಕೊಂಡೆ. ಡಾಕ್ಟರಮ್ಮ ಬಗ್ಗಿ ನೋಡಿದರು.

"ನಿಮ್ಮವೇನಮ್ಮಾ?"

"ನನ್ನವು ಮೂವತ್ನಾಲ್ಕೂ ಒಳಗಿವೆ. ಎಣಿಸಿ ಮೇಡಂ. ನನಗಿರೋದು ಅಷ್ಟೇ."

"ಲೆಕ್ಕದಲ್ಲಿ ಇಲ್ಲದ್ದು ಎಷ್ಟು ಸಾಕಿದ್ಲೋ ಯಾರಿಗ್ಗೊತ್ತು," ಎಂದ ಭಾವ. "ಈ ನಾತಕ್ಕೆ ಮೂರು ದಿನದಿಂದ ನಮಗೆ ಊಟ ಸೇರ್ತಿಲ್ಲ."

"ನಿಮ್ಮಲ್ಲೆಷ್ಟಿವೆ?"

"ಅರವತ್ತು. ಬಿಲ್ಲೆ ನಂಬರ್ ಸಮೇತ ತಾಳೆ ನೋಡ್ಕೊಳ್ಳಿ."

ಎರಡೂ ಕೊಟ್ಟಿಗೆಗಳ ಹೊರಗೇ ನಿಂತು ಹಂದಿಗಳ ಎಡಗಿವಿಗೆ ಹಾಕಿದ ನಂಬರ್ ಬಿಲ್ಲೆಗಳನ್ನು ಓದಿದೆ. ಎರಡೂ ಕಡೆ ಸರಿಯಿತ್ತು. ಹಾಗಾದರೆ ಈ ಏಳು ಎಲ್ಲಿಂದ ಬಂದವು?

'ಗುರುತು ಮರೆಮಾಚಲು ಕಿವಿ ಕತ್ತರಿಸಲಾಗಿದೆ' ಎಂದು ವರದಿಯಲ್ಲಿ ಬರೆದೆ. ಡಾಕ್ಟರಮ್ಮ ಅದನ್ನು ಓದಿದರು.

"ಗುರುತು ಅಳಿಸೋಕೆ ಬಿಲ್ಲೆ ಕಿತ್ತೆಸೆದ್ರೆ ಸಾಕಲ್ವೇನಯ್ಯಾ? ಕಿವಿ ಯಾಕೆ?"

"ಕಿತ್ರೆ ಬಿಲ್ಲೆ ಒಡೆಯುತ್ತೆ ಮೇಡಂ. ಅದರ ಹಿಂದಿನ ಗುಂಡಿ ಒಂದ್ಸಲ ಕಿವೀಲಿ ಕಚ್ಕೊಂಡ್ರೆ ಬಿಡಲ್ಲ."

"ಬಿಲ್ಲೆ ಒಡೀಬಾರದು ಅಂದ್ರೆ?"

ಅವರು ಆಗಲೇ ಭಾವನ ಕೊಟ್ಟಿಗೆಯತ್ತ ಹೊರಟಿದ್ದರು.

ಈ ಸಲ ಒಳಹೊಕ್ಕು ಒಂದೊಂದೇ ಕಿವಿ ಹಿಡಿದು ನೋಡಿದೆವು. ಏಳು ಹಂದಿಗಳ ಬಿಲ್ಲೆ ಸಣ್ಣ ತಂತಿಯಲ್ಲಿ ನೇತಾಡುತ್ತಿತ್ತು. ತೂತುಗಳು ಹಸಿಯಾಗಿದ್ದವು, ಕೀವು, ಅದರ ಮೇಲೆ ನೊಣ. ನಮ್ಮ ನೋಂದಣಿ ಪುಸ್ತಕದ ಪ್ರಕಾರ ಆ ಬಿಲ್ಲೆಗಳನ್ನು ಹಾಕಿ ಆರು ತಿಂಗಳಾಗಿತ್ತು. ಹಿಂಬದಿಯ ಒಲೆಯ ಮೇಲೊಂದು ಡಬ್ಬಿ. ಮುಚ್ಚಳ ತೆಗೆದೆ. ಬೆಂದು ಕರಗಿದ ಕಿವಿಗಳು. ಡಬ್ಬಿಯನ್ನು ಡಾಕ್ಟರಮ್ಮನ ಮುಂದೆ ತಂದಿಟ್ಟೆ.

"ಸತ್ತವು ನಿಮ್ಮವು," ಡಾಕ್ಟರಮ್ಮ ಭಾವನಿಗೆ ಹೇಳಿದರು. "ತಿಳಿಸಿದ್ರೆ ಉಳಿದವೂ ಹೋಗ್ತಿದ್ವು. ಅದಕ್ಕೆ ಕಿವಿ ಬೇಯಿಸಿ ಬಿಲ್ಲೆ ಬಿಡಿಸಿದ್ರಿ. ನಿರ್ಬಂಧ ಇದ್ರೂ ಹೊರಗಿಂದ ಏಳು ತಂದು, ಅವಕ್ಕೆ ಕಟ್ಟಿ ಅರವತ್ತು ತುಂಬಿಸಿದ್ರಿ. ಹೆಣಗಳನ್ನ ತಮ್ಮನ ಹೆಂಡತಿಯ ಹೊಂಡಕ್ಕೆ ಎಸೆದು, ದೂರೂ ನೀವೇ ಕೊಟ್ರಿ. ರೋಗ ಇರೋ ಕೊಟ್ಟಿಗೆಗೆ ಚೆನ್ನಾಗಿದ್ದ ಹಂದಿ ತಂದು ಬಿಟ್ರಲ್ಲ, ಥೂ."

ಆಮೇಲೆ ಆಕೆಯತ್ತ ತಿರುಗಿದರು. "ಪರವಾನಗಿಗೆ ಏನೂ ಆಗಲ್ಲಮ್ಮ. ಹಂದಿಗಳ ರಕ್ತ ಮಾತ್ರ ಪರೀಕ್ಷೆಗೆ ಹೋಗ್ಬೇಕು."

"ಈಗ್ಲೇ ತಗೊಳ್ಳಿ ಮೇಡಂ."

ಭಾವ ಮೊದಲ ಬಾರಿಗೆ ಆಕೆಯ ಮುಖ ನೋಡಿದ. "ಮನೆ ವಿಷಯ ಕಣಮ್ಮ. ಮನೇಲೇ ಮುಗಿಸೋಣ ಅಂತ ಒಂದು ಮಾತು ಹೇಳು."

"ಮೊದಲ್ನೇದು ಸತ್ತಾಗ ನನ್ನ ಬಾಗಿಲು ತಟ್ಟಿದ್ರೆ ಮನೆ ವಿಷಯ ಆಗ್ತಿತ್ತು ಭಾವ," ಎಂದು ಆಕೆ ಹಂದಿಗಳನ್ನು ಹಿಡಿದುಕೊಡಲು ಹೊರಟಳು.