ಹೂವಿನಡಿಯ ಎಂಟು ಹಾಳೆ

ಹೂವು ಇತ್ತು. ಕುಂಕುಮ ಇತ್ತು. ನಾಟಕದ ಪುಸ್ತಕವೂ ಹಾರ್ಮೋನಿಯಂ ಪೇಟಿಯ ಮೇಲೆ, ನಿನ್ನೆ ಸಂಜೆ ಇಟ್ಟ ಜಾಗದಲ್ಲೇ ಇತ್ತು. ಇಲ್ಲದ್ದು ಕೊನೆಯ ಎಂಟು ಹಾಳೆ ಮಾತ್ರ.

ಶಾಂಭವಿ ಪುಸ್ತಕವನ್ನು ಮೂರು ಸಲ ಮಗುಚಿ ನೋಡಿದಳು. ಆಮೇಲೆ ಗಾಳೆಪ್ಪನಿಗೆ ಫೋನ್ ಮಾಡಿದಳು.

ಗಾಳೆಪ್ಪ ಹೊಸಪೇಟೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದು ಹೋದ ವರ್ಷ, ಎರಡು ಸಾವಿರದ ಆರರಲ್ಲಿ, ನಿವೃತ್ತನಾದವನು. ಹಿಂದೊಮ್ಮೆ ಕಂಪ್ಲಿಯಲ್ಲಿ ಶಾಂಭವಿಯ ನಾಟಕಕ್ಕೆ ಕಲ್ಲು ಬಿದ್ದಾಗ ಬಂದೋಬಸ್ತಿಗೆ ಹೋಗಿದ್ದ. ಗಂಡಸರಿಬ್ಬರ ಪ್ರೀತಿಯ ನಾಟಕ ಅವನಿಗೆ ಹಿಡಿಸಿರಲಿಲ್ಲ. ಕಲ್ಲು ಎಸೆದವರು ಅದಕ್ಕಿಂತಲೂ ಹಿಡಿಸಿರಲಿಲ್ಲ.

ಅವನು ಸಂಡೂರು ರಸ್ತೆಯ ಗೋದಾಮಿಗೆ ಬಂದಾಗ ಹತ್ತು ಗಂಟೆ. ತಾಲೀಮು ನಡೆಯುತ್ತಿದ್ದುದು ಅಲ್ಲಿಯೇ. ಹೊರಗೆ ಅದಿರು ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ತಗಡಿನ ಬಾಗಿಲು ನಡುಗುತ್ತಲೇ ಇತ್ತು.

"ಸ್ಟೇಷನ್ನಿಗೆ ಯಾಕ ಹೋಗ್ಲಿಲ್ಲ, ಶಾಂಭವಮ್ಮ?"

"ಕಂಪ್ಲೇಂಟ್ ಕೊಟ್ರ ಹುಡುಗರ ಹೆಸರು ಬರೀಬೇಕು, ಗಾಳೆಪ್ಪಣ್ಣ. ಅವರ ಮನ್ಯಾಗ ಗೊತ್ತಿಲ್ಲ. ಮ್ಯಾಲೆ, ಕಳ್ಳನ್ನ ಬಿಟ್ಟು ನಮ್ಮ ಮ್ಯಾಲೇ ಸೆಕ್ಷನ್ ಹುಡುಕ್ತಾರ. ನಿಮಗ ಗೊತ್ತಿಲ್ಲೇನು?"

ಗೊತ್ತಿತ್ತು.

"ಹಾಳ್ಯಾಗ ಏನಿತ್ತು?"

ಅವಳು ಹೇಳಿದಳು. ಅದು ಹಾಡು ತುಂಬಿದ ನಾಟಕ. ಹಳೆಯ ಕಾಲದ ಕಂಪನಿ ನಾಟಕದಲ್ಲಿ ರಾಜನ ಪಾರ್ಟು ಮಾಡುವವನೊಬ್ಬ, ರಾಣಿಯ ಪಾರ್ಟು ಮಾಡುವವನೊಬ್ಬ. ಅವರಿಬ್ಬರ ಪ್ರೀತಿಯ ಕಥೆ. ಮೊದಲು ಬರೆದ ಕೊನೆಯಲ್ಲಿ ರಾಜ ಕಾಲುವೆಗೆ ಹಾರುತ್ತಿದ್ದ. ನಾಲ್ಕು ತಿಂಗಳಿಂದ ಎಲ್ಲರೂ ಅದನ್ನೇ ಕಲಿತಿದ್ದರು. ನಿನ್ನೆ ಸಂಜೆ ಅವಳು ಹೊಸ ಕೊನೆ ಓದಿದಳು. ಇಬ್ಬರೂ ಬದುಕುತ್ತಾರೆ. ಬಸ್ಸು ಹತ್ತಿ ಹೋಗುತ್ತಾರೆ.

"ಇನ್ನೊಂದು ಪ್ರತಿ?"

"ಇಲ್ಲ. ಮೂರು ಹೊಸಾ ಹಾಡು ಅದಾವು. ಭಾನುವಾರ ಶೋ, ಇವತ್ತಿಂದ ಕಲಿಸಬೇಕಿತ್ತು. ಮತ್ತ ಬರಿಯಾಕ ಟೈಮಿಲ್ಲ."

ಗಾಳೆಪ್ಪ ಪುಸ್ತಕ ತೆಗೆದುಕೊಂಡ. ಹಾಳೆ ಹರಿದಿರಲಿಲ್ಲ. ಹೊಲಿಗೆಯ ದಾರ ಬಿಚ್ಚಿ, ಎಂಟನ್ನೂ ತೆಗೆದು, ಮತ್ತೆ ಗಂಟು ಹಾಕಲಾಗಿತ್ತು.

"ಕೀಲಿ ಯಾರ ಹತ್ರ ಇರತದ?"

"ಒಂದು ನಮ್ಮ ಅಣ್ಣನ ಹತ್ರ, ಗೋದಾಮು ಅವನದು. ಇನ್ನೊಂದು ಪಕ್ಕದ ಮನಿ ವಿರುಪಮ್ಮನ ಬಾಗಿಲ ಮೊಳಿಗೆ. ನಮ್ಮವರು ಯಾರು ಬಂದ್ರೂ ತಗೋತಾರ."

ಅಣ್ಣ ಬಸವಕುಮಾರ್ ಕಂಪ್ಲಿಯ ಅಕ್ಕಿ ಗಿರಣಿಯಿಂದ ಜೀಪಿನಲ್ಲಿ ಬಂದ. ಕುಳಿತುಕೊಳ್ಳಲಿಲ್ಲ.

"ನಿನ್ನೆ ಇಲ್ಲಿಗೆ ಬಂದು ಜಗಳ ಮಾಡಿದ್ರಂತ?" ಗಾಳೆಪ್ಪ ಕೇಳಿದ.

"ಮಾಡ್ದೆ. ಗಿರಣಿ ಗೋಡಿ ಮ್ಯಾಲೆ ನನ್ನ ತಂಗಿ ಹೆಸರು ಹೊಲಸಾಗಿ ಬರದಾರ. ಮಾಡಬಾರದೇನ್ರಿ?"

"ಹಾಳೆ ನೀವು ತಗೊಂಡ್ರಾ?"

"ನಾನು ಕದ್ದಿದ್ರ ಪೂರಾ ಪುಸ್ತಕಾನೇ ಒಲಿಗೆ ಹಾಕ್ತಿದ್ದೆ! ಎಂಟು ಹಾಳೆ ತಗೊಂಡು ಏನು ಉಪ್ಪಿನಕಾಯಿ ಹಾಕ್ಲಾ?"

ಜೀಪು ಹೊರಟುಹೋಯಿತು. ಗಾಳೆಪ್ಪ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ.

ರಾಜನ ಪಾರ್ಟಿನ ಹಂಪೇಶ್ ಮೂಲೆಯಲ್ಲಿ ಕೂತಿದ್ದ. ಇಪ್ಪತ್ನಾಲ್ಕರ ಲಾರಿ ಡ್ರೈವರ್. ರೆಪ್ಪೆಯ ಕೂದಲಲ್ಲೂ ಕೆಂಪು ಧೂಳು.

"ನಿನಗ ಲಗ್ನ ಗೊತ್ತಾಗೈತಂತಲ್ಲೋ?"

"ಮನ್ಯಾಗ ಗೊತ್ತು ಮಾಡ್ಯಾರ. ನನ್ನ ಕೇಳಿಲ್ಲ."

"ನಾಟಕ ನಿಂತ್ರ ನಿನಗ ಒಳ್ಳೇದಲ್ಲೇನು?"

"ಹೊಸಾ ಕೊನೀ ಕೇಳಿದ ಮ್ಯಾಲೆ ನಿದ್ದಿ ಬಂತ್ರಿ," ಎಂದ ಹಂಪೇಶ್. "ಭಾಳ ದಿನ ಆಗಿತ್ತು, ಅಂಥಾ ನಿದ್ದಿ ಬಂದು."

ಹಾರ್ಮೋನಿಯಂ ನುಡಿಸುವ ಕೊಟ್ರಯ್ಯ ಮಾಸ್ತರರಿಗೆ ಎಪ್ಪತ್ತರ ಹತ್ತಿರ. ಒಂದು ಕಾಲಕ್ಕೆ ಕಂಪನಿಯಲ್ಲಿ ಹೆಣ್ಣು ಪಾರ್ಟು ಮಾಡಿದವರು. ಈಗಲೂ ಕೂತರೆ ಪಂಚೆಯ ನೆರಿಗೆ ಸರಿಮಾಡಿಕೊಳ್ಳುವರು.

"ರಾತ್ರಿಯಿಂದ ಬೆಳಗಿನತನ ಎಲ್ಲಿದ್ರಿ, ಮಾಸ್ತರ?"

"ಈ ವಯಸ್ಸಿನ್ಯಾಗ ಎಲ್ಲಿ ಇರ್ತಾರ್ರೀ? ಹಾಸಿಗ್ಯಾಗ."

"ದಿನಾ ಪುಸ್ತಕ ಹೆಂಗ ತಗೀತೀರಿ? ತೋರಸ್ರಿ."

ಕೊಟ್ರಯ್ಯ ಪುಸ್ತಕವನ್ನು ಪೇಟಿಯ ಮೇಲಿಟ್ಟು ಹೂವು ಇಟ್ಟರು. ಆಮೇಲೆ ಎಡಗೈಯಿಂದ ತಿದಿ ಎಳೆದು ಗಾಳಿ ತುಂಬಿ, ಬಲಗೈಯಿಂದ ಒಂದೇ ಒಂದು ಕೀ ಒತ್ತಿದರು. ಉದ್ದನೆಯ ಒಂದು ಸ್ವರ. ಕಣ್ಣಿಗೊತ್ತಿಕೊಂಡು ಹೂವು ತೆಗೆದರು.

"ಆ ಸ್ವರ ಯಾಕ?"

"ಸಂಜಿಗೆ ಮಲಗಿಸಿದ ಪುಸ್ತಕ. ಶ್ರುತಿ ಹಿಡಿದೇ ಎಬ್ಬಿಸ್ಬೇಕು. ಕಂಪನಿ ರೂಢಿ."

"ಅಜ್ಜಾರ ಪೂಜಿ ಮುಗಿಯೂತನ ನಮಗ ಚಾನೂ ಇಲ್ರಿ," ಎಂದ ಹಂಪೇಶ್.

"ನೀನೂ ಹಿಂಗ ಬಾರಸ್ತೀಯೇನು?"

"ನನಗೆಲ್ಲಿ ಪೇಟಿ ಮುಟ್ಟಾಕ ಕೊಡ್ತಾರ? ಶಾಂಭವಕ್ಕನಿಗೂ ಕೊಡಂಗಿಲ್ಲ."

ಗಾಳೆಪ್ಪ ಪಕ್ಕದ ಮನೆಗೆ ಹೋದ. ವಿರುಪಮ್ಮ ಕೊಡ ತೊಳೆಯುತ್ತಿದ್ದಳು.

"ಕೀಲಿ ಯಾರು ತಗೊಂಡ್ರು, ವಿರುಪಮ್ಮ?"

"ನಾ ಏನು ಬಾಗಿಲ ಕಾಯ್ಕೊಂಡು ಕೂತಿದ್ನಾ? ಜಾವದಾಗ ನಳಕ್ಕ ನೀರು ಬಿಡ್ತಾರ, ಎಲ್ಲಾರೂ ಅಲ್ಲೇ ಸಾಯ್ತೀವಿ."

"ಏನಾರ ಸಪ್ಪಳ ಕೇಳ್ತಾ?"

"ಕೊಡ ತಂದಿಡೂ ಮುಂದ ಇಲಿ ಪೇಟಿ ಮ್ಯಾಲೆ ಓಡಾಡಿದ್ವು. ಕುಂಯ್ ಅಂತು, ಒಂದೇ ಸಲ. ಬೋನು ತರ್ರಿ ಅಂತ ಮಾಸ್ತರಗೆ ಹೇಳಿ ಹೇಳಿ ಸಾಕಾತು."

ಗಾಳೆಪ್ಪ ಗೋದಾಮಿಗೆ ಮರಳಿದ. ಪೇಟಿಯ ಮುಂದೆ ಬಗ್ಗಿ ಬೆರಳಿನಿಂದ ಒಂದು ಕೀ ಒತ್ತಿದ. ಸದ್ದು ಬರಲಿಲ್ಲ. ಇನ್ನೊಂದು ಒತ್ತಿದ. ಅದೂ ಮೂಕ.

ಅವನು ಎದ್ದು ನಿಂತ.

"ಶಾಂಭವಮ್ಮ, ಈ ಹಾಳೆ ಹೋದ್ರ ನಾಟಕ ನಿಲ್ಲತದೇನು?"

"ನಿಲ್ಲಂಗಿಲ್ಲ. ಹಳೇ ಕೊನೀನ ಆಡಬೇಕು."

"ಅದನ್ನ ನಾವು ನೋಡ್ಲಿಲ್ಲ. ನಾಟಕ ನಿಲ್ಲಿಸ್ಬೇಕಂದವ್ರು ಪೂರಾ ಪುಸ್ತಕ ಒಯ್ತಾರ. ನಿಮ್ಮ ಅಣ್ಣನ ಮಾತು ಖರೆ. ಇದು ನಾಟಕ ಬೇಕು, ಹಳೇ ಕೊನೀನೇ ಬೇಕು ಅನ್ನೋರ ಕೆಲಸ. ದಾರ ಬಿಚ್ಚಿ ಮತ್ತ ಕಟ್ಯಾರ. ಹೂವು ತಿರುಗಿ ಇಟ್ಟಾರ. ಪುಸ್ತಕದ ಮ್ಯಾಲೆ ಭಕ್ತಿ ಐತಿ."

ಅವನು ಪೇಟಿಯ ಕಡೆ ಕೈ ತೋರಿಸಿದ.

"ಜಾವದಾಗ ಪೇಟಿ ಒಂದು ಸಲ ನುಡಿದೈತಿ. ವಿರುಪಮ್ಮ ಇಲಿ ಅಂದ್ಲು. ಇಲಿ ಕೀ ತುಳೀಬಹುದು. ತಿದಿ ಯಾರು ಎಳೀತಾರ? ಇಲ್ಲಿ ಪೇಟಿ ಮುಟ್ಟೋರು ಒಬ್ರೇ. ಕದಿಯಾಕ ಬಂದಾಗ್ಲೂ ಶ್ರುತಿ ಹಿಡಿದೇ ಪುಸ್ತಕ ಎಬ್ಬಿಸ್ಯಾರ." ಗಾಳೆಪ್ಪನ ದನಿ ತಗ್ಗಿತು. "ರೂಢಿ ಬಿಡಾಕ ಆಗ್ಲಿಲ್ಲ, ಅಲ್ಲೇನು ಮಾಸ್ತರ?"

ಕೊಟ್ರಯ್ಯ ಪೇಟಿಯನ್ನು ಮುಚ್ಚುವ ಬಟ್ಟೆಯ ಗಂಟು ಬಿಚ್ಚಿ, ಒಳಗಿನಿಂದ ಎಂಟು ಹಾಳೆ ತೆಗೆದಿಟ್ಟರು. ಒಂದೂ ಮಡಚಿರಲಿಲ್ಲ.

"ಯಾಕ್ರೀ ಮಾಸ್ತರ?" ಎಂದಳು ಶಾಂಭವಿ. "ಈ ಕಥಿ ನನಗ ಹೇಳಿದೋರೇ ನೀವು."

"ಅದಕ್ಕ. ನನ್ನ ರಾಜ, ಜಡೆಪ್ಪ, ಬಸ್ಸು ಹತ್ತಲಿಲ್ಲವ್ವಾ. ಡ್ಯಾಮಿನ ಕಾಲುವಿಗೆ ಹಾರಿದ. ಮರುದಿನ ಬ್ಯಾರೆ ರಾಜನ್ನ ತಂದ್ರು. ನಾ ಮಕಕ್ಕ ಬಣ್ಣ ಹಚ್ಚಿ ಅವನ ಜೊತಿಗೆ ಹಾಡಿದೆ. ಜಡೆಪ್ಪಗ ಅಂತ ಒಬ್ರೂ ಅಳಲಿಲ್ಲ. ನಾನೂ ಅಳೂ ಹಂಗಿರಲಿಲ್ಲ. ಈ ನಾಟಕದ ತಾಲೀಮಿನ್ಯಾಗ ಮೊದಲನೇ ಸಲ ಅವಗ ಮಂದಿ ಅತ್ರು. ಅದನ್ನೂ ನೀವು ತಗದುಬಿಟ್ರಿ."

ಕಾಲುವೆಯಿಂದ ಎತ್ತಿದ ಹೆಣಗಳಿಗೆಲ್ಲ ಠಾಣೆಯಲ್ಲಿ ಒಂದೇ ವಾಕ್ಯ ಇರುತ್ತಿತ್ತು: ಕಾಲು ಜಾರಿ ಬಿದ್ದು ಮೃತಪಟ್ಟಿರುತ್ತಾನೆ. ಗಾಳೆಪ್ಪ ತನ್ನ ಕೈಯಾರೆ ಅದನ್ನು ಎಷ್ಟು ಸಲ ಬರೆದಿದ್ದನೋ. ಅವನು ಬಾಗಿಲ ಕಡೆ ನೋಡಿದ.

ಹಂಪೇಶ್ ಎದ್ದು ಬಂದು ಮಾಸ್ತರರ ಮುಂದೆ ಕೂತ.

"ಅಜ್ಜಾರ, ನಾ ದಿನಾ ಅದೇ ಕಾಲುವಿ ದಂಡಿ ಮ್ಯಾಲೆ ಲಾರಿ ಹೊಡೀತೀನಿ. ಇಲ್ಲಿ ಹಾರೋದು ಕಲೀತೀನಿ, ಅಲ್ಲಿ ನೀರು ನೋಡ್ತೀನಿ. ಒಂದಿನ ಲಾರಿ ನಿಲ್ಲಿಸಿ ಇಳಿದಿದ್ದೆ. ಅಕ್ಕಗ ಹೇಳ್ದೆ. ಅಕ್ಕ ಕೊನೀ ಬದಲಿಸಿದ್ದು ಅದಕ್ಕ."

ಕೊಟ್ರಯ್ಯ ಅವನ ಮುಖವನ್ನೇ ನೋಡಿದರು. ಹೊರಗೆ ನಾಲ್ಕೈದು ಲಾರಿ ಹೋದವು. ಕೊನೆಗೆ ಹಾಳೆಗಳನ್ನು ಅವನ ಕೈಗೆ ಕೊಟ್ಟರು.

"ಆ ಬಸ್ಸು ಎಲ್ಲಿಗೆ ಹೋಗತೈತಿ?" ಎಂದು ಶಾಂಭವಿಯನ್ನು ಕೇಳಿದರು.

"ಊರು ಬರದಿಲ್ಲ, ಮಾಸ್ತರ."

"ಕೂಡ್ಲಿಗಿ ಅಂತ ಬೋರ್ಡ್ ಹಾಕ್ರಿ. ಜಡೆಪ್ಪನ ಊರು."

ಅವರು ಪೇಟಿಯನ್ನು ಹತ್ತಿರ ಎಳೆದುಕೊಂಡು ತಿದಿಗೆ ಕೈ ಹಾಕಿದರು.

"ಮೊದಲನೇ ಹಾಡು ಓದೋ," ಎಂದರು ಹಂಪೇಶನಿಗೆ. "ಸಾವಕಾಶ ಓದು."